ರಕ್ತದ ಸುಣ್ಣ: ಅದರ ಏರಿಕೆಯ ಕಾರಣವನ್ನು ಗ್ರಂಥಿಪರೀಕ್ಷೆಯಿಂದ ನಿರ್ಣಯಿಸುವ ಬಗೆ

ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ೧೮೦೧ರ ಆದಿಯಲ್ಲಿ ಮಂಗಳೂರಿನಿಂದ ಹೊರಟು, ಬಂಟ್ವಾಳ, ಬೆಳ್ತಂಗಡಿ, ವೇಣೂರುಗಳ ಮೇಲಾಗಿ ಮೂಡಬಿದಿರೆಯನ್ನು ಸೇರಿ, ಅಲ್ಲಿಂದ ಕಾರ್ಕಳದತ್ತ ಮುಂದುವರಿದನು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಅವನು ಕೈಗೊಂಡ ಈ ಪ್ರವಾಸದ ವರದಿಯು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆಯುವವರು ಅದನ್ನು ಬೇಸಾಯ, ವ್ಯಾಪಾರ, ಕಂದಾಯಗಳ ಆಕರವೆಂದು ಬಳಸುತ್ತಾರೆ; ಬರೆದವನು ವೈದ್ಯನೆಂಬುದು ಮಾತ್ರ ಮರೆತುಹೋಗುತ್ತದೆ. ಆ ವೈದ್ಯನ ಪ್ರವಾಸಕಾಲದಲ್ಲಿ, ಈ ಲೇಖನದ ವಿಷಯವಾದ ಧಾತುವನ್ನು ಜಗತ್ತಿನಲ್ಲಿ ಯಾರೂ ಬೇರ್ಪಡಿಸಿ ನೋಡಿರಲಿಲ್ಲ. ಅವನ ಗ್ರಂಥ ಅಚ್ಚಾದ ಮರುವರ್ಷ, ಎಂದರೆ ೧೮೦೮ರಲ್ಲಿ, ಹಂಫ್ರಿ ಡೇವಿಯು ಸುಣ್ಣದಿಂದ ಒಂದು ಲೋಹವನ್ನು ಬೇರ್ಪಡಿಸಿ, ಸುಣ್ಣಕ್ಕೆ ಲ್ಯಾಟಿನ್ ಭಾಷೆಯಲ್ಲಿದ್ದ ಹೆಸರಿನಿಂದಲೇ ಅದನ್ನು ಕ್ಯಾಲ್ಸಿಯಂ ಎಂದು ಕರೆದನು. ಆದುದರಿಂದ 'ರಕ್ತದ ಸುಣ್ಣ' ಎಂದು ನಾವು ಶೀರ್ಷಿಕೆಯಲ್ಲಿ ಬಳಸಿರುವುದು ಅಲಂಕಾರವಲ್ಲ, ಹೆಸರಿನ ಅಕ್ಷರಾರ್ಥವೇ ಹೌದು.

ಚರಿತ್ರೆಯ ವಿಭಾಗದ ವಾರ್ಷಿಕದಲ್ಲಿ ವೈದ್ಯಕೀಯ ವಿಷಯವೇಕೆ ಎಂದು ವಾಚಕರು ಕೇಳಬಹುದು. ಕಾರಣನಿರ್ಣಯವು ಇತಿಹಾಸಕಾರನ ನಿತ್ಯದ ಕಸುಬು. ಒಂದು ಫಲವಿದೆ, ಅದಕ್ಕೆ ಹತ್ತು ಕಾರಣಗಳಿರಬಹುದು, ಹತ್ತರಲ್ಲಿ ಯಾವುದು ಎಂಬುದನ್ನು ಸಾಕ್ಷ್ಯದಿಂದ ತೀರ್ಮಾನಿಸಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದಾಗ ವೈದ್ಯನ ಮುಂದಿರುವ ಪ್ರಶ್ನೆ ಇದೇ ಜಾತಿಯದು. ವ್ಯತ್ಯಾಸವಿಷ್ಟೆ: ನಮ್ಮ ತೀರ್ಮಾನ ತಪ್ಪಿದರೆ ಇನ್ನೊಬ್ಬರು ಖಂಡನಲೇಖನವನ್ನು ಬರೆಯುತ್ತಾರೆ, ಅವನ ತೀರ್ಮಾನ ತಪ್ಪಿದರೆ ನಿರಪರಾಧಿಯಾದ ಕತ್ತಿಗೆ ಶಸ್ತ್ರ ಬೀಳುತ್ತದೆ, ಇಲ್ಲವೆ ಒಳಗಿನ ಅರ್ಬುದವೊಂದು ಕಾಣದೆ ಬೆಳೆಯುತ್ತದೆ.

ಮೊದಲು ಅಳತೆಯ ಮಾತು. ಪ್ರಾಯದ ಮನುಷ್ಯನ ಶರೀರದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆ ಹಲ್ಲುಗಳಲ್ಲಿ ಅಡಗಿದೆ. ರಕ್ತದಲ್ಲಿ ಸಂಚರಿಸುವುದು ಅತ್ಯಲ್ಪ: ನೂರು ಮಿಲಿಲೀಟರು ರಕ್ತರಸದಲ್ಲಿ ೮.೫ರಿಂದ ೧೦.೫ ಮಿಲಿಗ್ರಾಂ. ಈ ಅಲ್ಪಾಂಶದ ಮೇಲೆಯೇ ನರಗಳ ಚಲನೆ, ಸ್ನಾಯುಗಳ ಸಂಕೋಚನ, ಹೃದಯದ ಬಡಿತ ನಿಂತಿವೆ. ಸಿಡ್ನಿ ರಿಂಗರ್ ಎಂಬ ಇಂಗ್ಲಿಷ್ ವೈದ್ಯನು ೧೮೮೩ರಲ್ಲಿ, ಭಟ್ಟಿಯಿಳಿಸಿದ ನೀರಿನಿಂದ ಮಾಡಿದ ಲವಣದ್ರಾವಣದಲ್ಲಿ ಕಪ್ಪೆಯ ಹೃದಯ ಬಡಿಯುವುದನ್ನು ನಿಲ್ಲಿಸುತ್ತದೆ, ಲಂಡನ್ನಿನ ನಲ್ಲಿಯ ನೀರಿನಿಂದ ಮಾಡಿದುದರಲ್ಲಿ ಬಡಿಯುತ್ತಲೇ ಇರುತ್ತದೆ ಎಂಬುದನ್ನು ಕಂಡು, ನಲ್ಲಿಯ ನೀರಿನಲ್ಲಿದ್ದ ಸುಣ್ಣವೇ ಇದಕ್ಕೆ ಕಾರಣವೆಂದು ತೋರಿಸಿದನು. ಇಷ್ಟು ಮುಖ್ಯವಾದ ಧಾತುವಿನ ಪ್ರಮಾಣ ರಕ್ತದಲ್ಲಿ ಮಿತಿಮೀರಿದರೆ ಮಲಬದ್ಧತೆ, ಬಾಯಾರಿಕೆ, ಅತಿಮೂತ್ರ, ಮೂತ್ರಕೋಶದ ಕಲ್ಲು, ಮೂಳೆನೋವು, ಆಲಸ್ಯ, ಮನಸ್ಸಿನ ಮಂಕು ಇವೆಲ್ಲ ಮೆಲ್ಲಮೆಲ್ಲನೆ ತಲೆದೋರುತ್ತವೆ. ಇವುಗಳಲ್ಲಿ ಒಂದಾದರೂ ತನ್ನ ಮೂಲವನ್ನು ತಾನೇ ಹೇಳುವ ಲಕ್ಷಣವಲ್ಲ. ಮನೆಯ ಹಿರಿಯರೊಬ್ಬರು ಮಾತು ಕಡಮೆ ಮಾಡಿ, ಊಟ ಬೇಡವೆಂದು, ಜಗಲಿಯ ಮೂಲೆಯಲ್ಲಿ ಕುಳಿತರೆ 'ಪ್ರಾಯವಾಯಿತಲ್ಲ' ಎಂದು ಮನೆಯವರು ಸಮಾಧಾನ ಪಡುವುದೇ ಹೆಚ್ಚು.

ಅಂಕಿಯನ್ನು ಓದುವುದರಲ್ಲಿಯೂ ಎಚ್ಚರ ಬೇಕು. ರಕ್ತದ ಕ್ಯಾಲ್ಸಿಯಮ್ಮಿನಲ್ಲಿ ಸುಮಾರು ಅರ್ಧದಷ್ಟು ಆಲ್ಬುಮಿನ್ ಮೊದಲಾದ ದ್ರವ್ಯಗಳಿಗೆ ಅಂಟಿಕೊಂಡಿರುತ್ತದೆ. ಉಳಿದರ್ಧ ಮಾತ್ರ ಅಯಾನು ರೂಪದಲ್ಲಿ ಬಿಡಿಯಾಗಿದ್ದು ಕೆಲಸಮಾಡುತ್ತದೆ. ಪೋಷಣೆ ಸಾಲದವರಲ್ಲಿ, ದೀರ್ಘರೋಗಿಗಳಲ್ಲಿ ಆಲ್ಬುಮಿನ್ ಇಳಿದಿರುವುದರಿಂದ ಒಟ್ಟು ಅಂಕಿ ಮೋಸಮಾಡುತ್ತದೆ. ಆಲ್ಬುಮಿನ್ ೪ ಗ್ರಾಮಿಗಿಂತ ಎಷ್ಟು ಕಡಮೆಯಿದೆಯೋ ಅಷ್ಟನ್ನು ೦.೮ರಿಂದ ಗುಣಿಸಿ ಕ್ಯಾಲ್ಸಿಯಂ ಅಂಕಿಗೆ ಕೂಡಿಸುವುದು ರೂಢಿ. ಕ್ಯಾಲ್ಸಿಯಂ ೧೦.೨, ಆಲ್ಬುಮಿನ್ ೨.೮ ಎಂದು ವರದಿ ಬಂದಿತೆನ್ನೋಣ. ಮೇಲ್ನೋಟಕ್ಕೆ ಎಲ್ಲವೂ ಸರಿ. ಲೆಕ್ಕಹಾಕಿದರೆ ಕ್ಯಾಲ್ಸಿಯಂ ೧೧.೨ರ ಹತ್ತಿರ ಬರುತ್ತದೆ, ಎಂದರೆ ಮಿತಿ ಮೀರಿದೆ. ಈ ಲೆಕ್ಕವೂ ಅಂದಾಜೇ; ಅನುಕೂಲವಿರುವಲ್ಲಿ ಅಯಾನು ಕ್ಯಾಲ್ಸಿಯಮ್ಮನ್ನು ನೇರವಾಗಿ ಅಳೆಯುವುದೇ ಮೇಲು. ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದು ರಕ್ತ ತೆಗೆದರೆ ಒಟ್ಟು ಅಂಕಿ ಸುಳ್ಳೇ ಏರುವುದುಂಟು. ಒಂದೇ ವರದಿಯನ್ನು ನಂಬದೆ ಎರಡನೆಯ ಸಲ ಪರೀಕ್ಷಿಸಿದ ಮೇಲೆ ಮುಂದಿನ ವಿಚಾರ.

ಇನ್ನು ಗ್ರಂಥಿಗಳ ಕಥೆ. ಕುತ್ತಿಗೆಯಲ್ಲಿ ಥೈರಾಯಿಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡು, ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗ್ರಂಥಿಗಳಿವೆ. ಇವಕ್ಕೆ ಪ್ಯಾರಾಥೈರಾಯಿಡ್ ಎಂದು ಹೆಸರು. ಇವುಗಳನ್ನು ಮೊದಲು ಕಂಡು ಬರೆದದ್ದು ಮನುಷ್ಯನಲ್ಲಲ್ಲ, ಭಾರತದ ಖಡ್ಗಮೃಗದಲ್ಲಿ! ಲಂಡನ್ನಿನ ಪ್ರಾಣಿಶಾಲೆಯಲ್ಲಿದ್ದ ನಮ್ಮ ದೇಶದ ಒಂದು ಖಡ್ಗಮೃಗ ೧೮೪೯ರಲ್ಲಿ ಸತ್ತಾಗ, ರಿಚರ್ಡ್ ಓವೆನ್ ಎಂಬ ಅಂಗರಚನಾಶಾಸ್ತ್ರಜ್ಞನು ಅದನ್ನು ಛೇದಿಸಿ, ಥೈರಾಯಿಡಿಗೆ ಅಂಟಿದ್ದ ಹಳದಿಬಣ್ಣದ ಚಿಕ್ಕ ಗ್ರಂಥಿಯೊಂದನ್ನು ಗುರುತಿಸಿದನು. ಆ ಮೃಗದ ದೇಹ ಎಷ್ಟು ದೊಡ್ಡದೋ ಅದರ ಗ್ರಂಥಿಯೂ ಅಷ್ಟು ದೊಡ್ಡದಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಅವನ ಬರೆಹವನ್ನು ಆಗ ಯಾರೂ ಲಕ್ಷಿಸಲಿಲ್ಲ.

ಮನುಷ್ಯನಲ್ಲಿ ಇವುಗಳನ್ನು ಪತ್ತೆ ಹಚ್ಚಿದವನು ಸ್ವೀಡನ್ ದೇಶದ ಉಪ್ಸಾಲ ವಿಶ್ವವಿದ್ಯಾನಿಲಯದ ಈವಾರ್ ಸಾಂಡ್‌ಸ್ಟ್ರೋಮ್. ೧೮೭೭ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವನು ನಾಯಿಯಲ್ಲಿ ಈ ಗ್ರಂಥಿಯನ್ನು ಕಂಡನು. ಬಳಿಕ ಐವತ್ತು ಮಾನವಶವಗಳನ್ನು ಪರೀಕ್ಷಿಸಿ ೧೮೮೦ರಲ್ಲಿ ಪ್ರಬಂಧವನ್ನು ಪ್ರಕಟಿಸಿದನು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗಾಗಿ ಔಷಧಾಲಯವನ್ನು ತೆರೆದದ್ದೂ ಅದೇ ವರ್ಷ. ಸಾಂಡ್‌ಸ್ಟ್ರೋಮನ ಪ್ರಬಂಧ ಸ್ವೀಡಿಷ್ ಭಾಷೆಯಲ್ಲಿ, ಊರಿನ ವೈದ್ಯಸಂಘದ ಪತ್ರಿಕೆಯಲ್ಲಿ ಬಂದುದರಿಂದ ಹೊರಗಿನವರ ಕಣ್ಣಿಗೆ ಬಹುಮಟ್ಟಿಗೆ ಬೀಳಲಿಲ್ಲ. ಅದಕ್ಕೆ ಮನ್ನಣೆ ದೊರೆಯುವ ಮೊದಲೇ, ೧೮೮೯ರಲ್ಲಿ, ಅವನು ಆತ್ಮಹತ್ಯೆ ಮಾಡಿಕೊಂಡನು. ಪ್ರಾಂತಭಾಷೆಯ ಪತ್ರಿಕೆಗಳಲ್ಲಿ ಬರೆಯುವ ನಮ್ಮಂಥವರು ಈ ಸಂಗತಿಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿರಬೇಕಾಗುತ್ತದೆ.

ಗ್ರಂಥಿಯ ಕೆಲಸವೇನೆಂಬುದು ತಿಳಿಯಲು ಮತ್ತೆ ಮೂವತ್ತು ವರ್ಷ ಬೇಕಾಯಿತು. ಫ್ರಾನ್ಸಿನ ಗ್ಲೇ ೧೮೯೧ರಲ್ಲಿ, ಇವುಗಳನ್ನು ತೆಗೆದುಹಾಕಿದ ಪ್ರಾಣಿಗಳಿಗೆ ಸೆಟೆಬೇನೆ ಬರುವುದನ್ನು ತೋರಿಸಿದನು. ೧೯೦೯ರಲ್ಲಿ ಅಮೆರಿಕದ ಮೆಕ್ಯಾಲಮ್ ಮತ್ತು ವೋಗ್ಟ್ಲಿನ್, ಆ ಸೆಟೆತಕ್ಕೆ ರಕ್ತದ ಕ್ಯಾಲ್ಸಿಯಂ ಇಳಿದುದೇ ಕಾರಣವೆಂದೂ ಕ್ಯಾಲ್ಸಿಯಂ ಕೊಟ್ಟರೆ ಅದು ಶಮನವಾಗುವುದೆಂದೂ ಕಂಡುಕೊಂಡರು. ೧೯೨೫ರಲ್ಲಿ ಕಾಲಿಪ್ ಗ್ರಂಥಿಯ ಸಾರವನ್ನು ತೆಗೆದು ಚುಚ್ಚಿದಾಗ ರಕ್ತದ ಕ್ಯಾಲ್ಸಿಯಂ ಏರಿತು. ಗ್ರಂಥಿ ಕಡಮೆಯಾದರೆ ಸುಣ್ಣ ಇಳಿಯುತ್ತದೆ, ಗ್ರಂಥಿರಸ ಹೆಚ್ಚಿದರೆ ಸುಣ್ಣ ಏರುತ್ತದೆ ಎಂಬ ಎರಡು ಕಡೆಯ ಸಾಕ್ಷ್ಯವೂ ಹೀಗೆ ಒದಗಿದಂತಾಯಿತು.

ಇದರ ನಡುವೆ ಒಂದು ತಪ್ಪು ಊಹೆ ಇಪ್ಪತ್ತು ವರ್ಷ ವೈದ್ಯರ ದಾರಿಯನ್ನು ಕೆಡಿಸಿತು. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಮನಸ್ಸಿಟ್ಟು ನೋಡಬೇಕು. ಮೂಳೆಗಳು ಕರಗಿ ಸತ್ತ ಕೆಲವರ ಕುತ್ತಿಗೆಯಲ್ಲಿ ಪ್ಯಾರಾಥೈರಾಯಿಡ್ ಹಿಗ್ಗಿರುವುದನ್ನು ವಿಯೆನ್ನಾದ ಎರ್ಡ್‌ಹೈಮ್ ಗಮನಿಸಿದ್ದನು. ಮೂಳೆರೋಗವನ್ನು ಸರಿಪಡಿಸಲೆಂದು ಗ್ರಂಥಿಯು ಬೆಳೆದಿದೆ, ಎಂದರೆ ಹಿಗ್ಗುವಿಕೆಯು ರೋಗದ ಪರಿಣಾಮ, ಎಂಬುದು ಅವನ ಅಭಿಪ್ರಾಯ. ಎರಡು ಸಂಗತಿಗಳು ಒಟ್ಟಿಗೆ ಕಂಡಾಗ ಯಾವುದು ಕಾರಣ, ಯಾವುದು ಕಾರ್ಯ ಎಂಬ ಹಳೆಯ ತೊಡಕೇ ಇದು. ೧೯೧೫ರಲ್ಲಿ ಷ್ಲಾಗನ್‌ಹಾಫರ್ ಒಂದು ಸೂಕ್ಷ್ಮವನ್ನೆತ್ತಿದನು: ರೋಗಕ್ಕೆ ಪ್ರತಿಯಾಗಿ ಬೆಳೆಯುವುದಾದರೆ ನಾಲ್ಕೂ ಬೆಳೆಯಬೇಕಷ್ಟೆ; ಒಂದು ಮಾತ್ರ ಬೆಳೆದಿದ್ದರೆ ಅದೇ ಅಪರಾಧಿ, ಅದನ್ನು ತೆಗೆಯಬೇಕು. ಈ ಮಾತಿಗೆ ಹತ್ತು ವರ್ಷ ಯಾರೂ ಕಿವಿಗೊಡಲಿಲ್ಲ. ೧೯೨೫ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್, ಆಲ್ಬರ್ಟ್ ಎಂಬ ಟ್ರಾಂ ಕಂಡಕ್ಟರನಿಗೆ ಹಳೆಯ ಅಭಿಪ್ರಾಯದಂತೆ ಮೊದಲು ಗ್ರಂಥಿಯ ಸಾರವನ್ನು ಕೊಟ್ಟನು, ಬೇರೆ ಗ್ರಂಥಿಯನ್ನೇ ಕಸಿಮಾಡಿದನು. ಗುಣ ಕಾಣದಿದ್ದಾಗ ಕುತ್ತಿಗೆಯನ್ನು ಸೀಳಿ ಅಲ್ಲಿದ್ದ ಗಡ್ಡೆಯನ್ನು ತೆಗೆದನು. ಮೂಳೆಗಳು ಗಟ್ಟಿಯಾಗತೊಡಗಿದವು, ರೋಗಿ ನಡೆದಾಡಿದನು. ಕೆಲವು ವರ್ಷಗಳ ಮೇಲೆ ರೋಗ ಮರುಕಳಿಸಿತಾದರೂ ಕಾರಣ ಯಾವುದೆಂಬ ಪ್ರಶ್ನೆಗೆ ಉತ್ತರ ದೊರೆತಿತ್ತು.

ಆದರೆ ಕಾರಣದ ಜಾತಿ ತಿಳಿದ ಮಾತ್ರಕ್ಕೆ ಪ್ರತಿಯೊಬ್ಬ ರೋಗಿಯಲ್ಲಿಯೂ ಅದೇ ಕಾರಣವೆಂದು ಸಿದ್ಧವಾಗುವುದಿಲ್ಲ. ರಸವನ್ನು ನೇರವಾಗಿ ಅಳೆಯಲು ಬಾರದಿದ್ದ ಕಾಲದಲ್ಲಿ ವೈದ್ಯರು ಹೆಜ್ಜೆಗುರುತುಗಳಿಂದ ಊಹಿಸುತ್ತಿದ್ದರು: ರಕ್ತದ ಫಾಸ್ಫೇಟು ಇಳಿದಿದೆಯೇ, ಬೆರಳ ಮೂಳೆಯ ಅಂಚು ಕ್ಷ-ಕಿರಣದಲ್ಲಿ ಸವೆದಂತೆ ಕಾಣುತ್ತಿದೆಯೇ, ಕಾರ್ಟಿಸೋನ್ ಕೊಟ್ಟರೆ ಕ್ಯಾಲ್ಸಿಯಂ ಇಳಿಯುತ್ತದೆಯೇ ಇತ್ಯಾದಿ. ಒಂದೊಂದರಲ್ಲಿಯೂ ಸತ್ಯಾಂಶವಿತ್ತು, ಒಂದೂ ನಿರ್ಣಾಯಕವಾಗಿರಲಿಲ್ಲ.

೧೯೫೦ರ ದಶಕದ ಕೊನೆಗೆ ನ್ಯೂಯಾರ್ಕಿನ ಸಾಲೊಮನ್ ಬರ್ಸನ್ ಮತ್ತು ರೋಸಾಲಿನ್ ಯಾಲೊ, ವಿಕಿರಣಶೀಲ ಗುರುತನ್ನು ಹಚ್ಚಿದ ಹಾರ್ಮೋನು ಮತ್ತು ಅದನ್ನು ಹಿಡಿಯುವ ಪ್ರತಿಕಾಯ ಇವೆರಡರ ನೆರವಿನಿಂದ ಇನ್ಸುಲಿನ್ನನ್ನು ಅಳೆಯುವ ಕ್ರಮವನ್ನು ಕಂಡುಹಿಡಿದಿದ್ದರು. ೧೯೬೩ರಲ್ಲಿ ಅದೇ ಕ್ರಮವನ್ನು ಪ್ಯಾರಾಥೈರಾಯಿಡ್ ಹಾರ್ಮೋನಿಗೂ ಅನ್ವಯಿಸಿದರು. ಅಳೆಯಬೇಕಾದ ಪ್ರಮಾಣವಾದರೂ ಎಷ್ಟು? ಒಂದು ಮಿಲಿಲೀಟರಿನಲ್ಲಿ ಕೆಲವು ಹತ್ತು ಪಿಕೋಗ್ರಾಂ. ಪಿಕೋಗ್ರಾಂ ಎಂದರೆ ಒಂದು ಗ್ರಾಮನ್ನು ಲಕ್ಷಕೋಟಿ ಪಾಲುಮಾಡಿದುದರಲ್ಲಿ ಒಂದು ಪಾಲು. ಬರ್ಸನ್ ೧೯೭೨ರಲ್ಲಿ ತೀರಿಕೊಂಡುದರಿಂದ ೧೯೭೭ರ ನೊಬೆಲ್ ಬಹುಮಾನದಲ್ಲಿ ಯಾಲೊ ಅವರ ಹೆಸರು ಮಾತ್ರ ಉಳಿಯಿತು.

ಈ ಮೊದಲ ಪರೀಕ್ಷೆಯಲ್ಲೊಂದು ದೋಷವಿತ್ತು. ಅದನ್ನು ವಿವರಿಸಲು ಮೂಡಬಿದಿರೆಯ ಉದಾಹರಣೆಗಿಂತ ತಕ್ಕುದು ನಮಗೆ ತೋರದು. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಳ, ಜಯಧವಳ, ಮಹಾಧವಳಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದುವಷ್ಟೆ. ತಾಳೆಗರಿಯ ಕಟ್ಟನ್ನು ಬಿಚ್ಚಿದವರೆಲ್ಲರಿಗೂ ಗೊತ್ತಿರುವಂತೆ, ಬಿಡಿಗರಿಗಳ ರಾಶಿಯೆಲ್ಲವೂ ಗ್ರಂಥವಲ್ಲ. ಭಂಡಾರವೊಂದರಲ್ಲಿ ಎಷ್ಟು ಗ್ರಂಥಗಳಿವೆಯೆಂದು ಎಣಿಸಬೇಕಾದವನು ಸಿಕ್ಕಿದ ಒಂದೊಂದು ಗರಿಯನ್ನೂ ಒಂದು ಗ್ರಂಥವೆಂದು ಲೆಕ್ಕಕ್ಕೆ ಹಿಡಿದರೆ ಏನಾದೀತು? ಪ್ಯಾರಾಥೈರಾಯಿಡ್ ಹಾರ್ಮೋನು ೮೪ ಅಮೈನೋ ಆಮ್ಲಗಳನ್ನು ಸಾಲಾಗಿ ಪೋಣಿಸಿದ ಸರ. ಪೂರ್ಣ ಸರವು ರಕ್ತದಲ್ಲಿ ನಾಲ್ಕಾರು ನಿಮಿಷವೂ ನಿಲ್ಲದೆ ತುಂಡಾಗುತ್ತದೆ. ತುಂಡುಗಳು ಮೂತ್ರಪಿಂಡದ ಮೂಲಕ ಹೊರಹೋಗುವ ತನಕ ಬಹಳ ಹೊತ್ತು ತೇಲುತ್ತಿರುತ್ತವೆ. ಹಳೆಯ ಪರೀಕ್ಷೆಯು ಈ ಬಿಡಿಗರಿಗಳನ್ನೂ ಗ್ರಂಥವೆಂದೇ ಎಣಿಸುತ್ತಿತ್ತು. ಮೂತ್ರಪಿಂಡ ಕೆಟ್ಟವರಲ್ಲಿ ಅಂಕಿಯು ವಿಪರೀತ ಏರುತ್ತಿದ್ದುದು ಇದರಿಂದಲೇ.

೧೯೮೭ರಲ್ಲಿ ಬಂದ ಹೊಸ ಕ್ರಮದಲ್ಲಿ ಎರಡು ಪ್ರತಿಕಾಯಗಳನ್ನು ಬಳಸುತ್ತಾರೆ: ಒಂದು ಸರದ ಆರಂಭದ ಭಾಗವನ್ನು ಹಿಡಿಯುತ್ತದೆ, ಇನ್ನೊಂದು ಕೊನೆಯ ಭಾಗವನ್ನು. ಎರಡೂ ಸಿಕ್ಕಿದರೆ ಮಾತ್ರ ಲೆಕ್ಕಕ್ಕೆ. ಮೊದಲ ಗರಿಯೂ ಕೊನೆಯ ಗರಿಯೂ ಇರುವ ಕಟ್ಟನ್ನೇ ಪೂರ್ಣಪ್ರತಿಯೆಂದು ಎಣಿಸಿದಂತೆ. ಇಲ್ಲಿಯೂ ಪರಿಪೂರ್ಣತೆಯಿಲ್ಲ. ಮೊದಲ ಆರು ಅಮೈನೋ ಆಮ್ಲಗಳನ್ನು ಕಳೆದುಕೊಂಡು ೭ರಿಂದ ೮೪ರವರೆಗೆ ಉಳಿದ ತುಂಡು ಈ ಪರೀಕ್ಷೆಯ ಕಣ್ಣನ್ನೂ ತಪ್ಪಿಸಿ ಪೂರ್ಣಪ್ರತಿಯ ಸೋಗುಹಾಕುತ್ತದೆ. ಮೂತ್ರಪಿಂಡದ ರೋಗಿಗಳಲ್ಲಿ ಇದು ಗಣನೀಯ, ಉಳಿದವರಲ್ಲಿ ಅಷ್ಟಾಗಿ ಇಲ್ಲ.

ಇಷ್ಟಾದ ಮೇಲೆ ಪರೀಕ್ಷೆಯ ತರ್ಕಕ್ಕೆ ಬರೋಣ. ಗ್ರಂಥಿಯ ಕಣಗಳ ಮೇಲ್ಮೈಯಲ್ಲಿ ಕ್ಯಾಲ್ಸಿಯಮ್ಮನ್ನು ಅರಿಯುವ ಗ್ರಾಹಕವಿದೆ. ಇದರ ಸ್ವರೂಪ ತಿಳಿದುದು ೧೯೯೩ರಲ್ಲಿ. ರಕ್ತದ ಸುಣ್ಣ ಇಳಿದರೆ ಗ್ರಂಥಿ ರಸವನ್ನು ಸುರಿಸುತ್ತದೆ. ಆ ರಸವು ಮೂಳೆಯಿಂದ ಸುಣ್ಣವನ್ನು ಸೆಳೆಯುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ, ಡಿ ಜೀವಸತ್ತ್ವವನ್ನು ಚುರುಕುಗೊಳಿಸಿ ಕರುಳು ಆಹಾರದ ಸುಣ್ಣವನ್ನು ಹೆಚ್ಚು ಹೀರುವಂತೆ ಮಾಡುತ್ತದೆ. ಸುಣ್ಣ ಏರಿತೋ, ಗ್ರಂಥಿ ಬಾಯಿಮುಚ್ಚುತ್ತದೆ. ಆದುದರಿಂದ ರಕ್ತದ ಸುಣ್ಣ ಹೆಚ್ಚಿರುವಾಗ ಆರೋಗ್ಯವಂತ ಗ್ರಂಥಿಯ ರಸ ತೀರ ಕಡಮೆಯಿರಲೇಬೇಕು. ಕಡಮೆಯಿದ್ದರೆ ಗ್ರಂಥಿ ನಿರಪರಾಧಿ, ಸುಣ್ಣ ಬೇರೆಲ್ಲಿಂದಲೋ ಬರುತ್ತಿದೆ. ಕಡಮೆಯಿಲ್ಲದಿದ್ದರೆ ಗ್ರಂಥಿಯೇ ದೋಷಿಯೆಂಬ ಸಂಶಯ ಬಲವಾಗುತ್ತದೆ.

'ಕಡಮೆಯಿಲ್ಲದಿದ್ದರೆ' ಎಂದೆವು, 'ಹೆಚ್ಚಿದ್ದರೆ' ಎನ್ನಲಿಲ್ಲ. ಇಡೀ ವಿಷಯದ ಮರ್ಮ ಇಲ್ಲಿದೆ, ಹೆಚ್ಚು ಜನ ಎಡವುವುದೂ ಇಲ್ಲಿಯೇ. ಈ ಹಾರ್ಮೋನಿನ ಸಾಮಾನ್ಯ ಮಿತಿಯೆಂದು ಪ್ರಯೋಗಶಾಲೆಗಳು ಸುಮಾರು ೧೫ರಿಂದ ೬೫ ಪಿಕೋಗ್ರಾಂ ಎಂದು ಅಚ್ಚುಹಾಕುತ್ತವೆ. ಬಂಟ್ವಾಳದ ಅಡಕೆ ಬೆಳೆಗಾರರೊಬ್ಬರಿಗೆ ಎರಡು ಸಲ ಮೂತ್ರದ ಕಲ್ಲು ಬಂದು, ಕ್ಯಾಲ್ಸಿಯಂ ೧೧.೬, ಹಾರ್ಮೋನು ೫೨ ಎಂದು ವರದಿ ಬಂದಿತೆಂದು ಕಲ್ಪಿಸೋಣ. ೫೨ರ ಎದುರು ಯಾವ ಗುರುತೂ ಇರುವುದಿಲ್ಲ, ಏಕೆಂದರೆ ಅದು ಮಿತಿಯೊಳಗಿದೆ. ಮನೆಯವರು 'ಗ್ರಂಥಿ ಸರಿಯಿದೆ' ಎಂದು ವರದಿಯನ್ನು ಕಪಾಟಿನಲ್ಲಿಡುತ್ತಾರೆ. ಆದರೆ ಆ ಮಿತಿಯನ್ನು ನಿಶ್ಚಯಿಸಿದುದು ಸುಣ್ಣ ಸಮವಾಗಿರುವ ಜನರಿಂದ. ೧೧.೬ ಇರುವಾಗ ೫೨ ಎಂಬುದು ಸಾಮಾನ್ಯವಲ್ಲ. ಮೌನವಾಗಿರಬೇಕಾದ ಗ್ರಂಥಿ ಮಾತನಾಡುತ್ತಿದೆ. ಶಾಸನವೊಂದರ ಕಾಲವನ್ನು ಅರಿಯದೆ ಅದರ ಲಿಪಿ 'ಸರಿಯಾಗಿದೆ' ಎನ್ನುವುದು ಹೇಗೆ ಅರ್ಥಹೀನವೋ, ಜೊತೆಯ ಕ್ಯಾಲ್ಸಿಯಂ ಅಂಕಿಯಿಲ್ಲದೆ ಹಾರ್ಮೋನಿನ ಅಂಕಿಯನ್ನು ಓದುವುದೂ ಹಾಗೆಯೇ. ಎರಡನ್ನೂ ಒಂದೇ ದಿನ, ಒಂದೇ ಹೊತ್ತಿನಲ್ಲಿ ತೆಗೆದ ರಕ್ತದಿಂದ ಅಳೆಯಬೇಕೆನ್ನುವುದು ಇದಕ್ಕಾಗಿಯೇ.

ಗ್ರಂಥಿಯ ಮೇಲೆ ಸಂಶಯ ಬಂದಾಗ ಬಹುತೇಕ ಕಾರಣ ಒಂದೇ ಗ್ರಂಥಿಯ ಸೌಮ್ಯವಾದ ಗಡ್ಡೆ. ನೂರರಲ್ಲಿ ಎಂಬತ್ತಕ್ಕೂ ಮಿಕ್ಕು ಹಾಗೆ. ನಾಲ್ಕೂ ಹಿಗ್ಗುವುದು ಕಡಮೆ, ಕ್ಯಾನ್ಸರು ಅತಿವಿರಳ. ಮಾನಸಿಕ ರೋಗಕ್ಕೆ ಕೊಡುವ ಲಿಥಿಯಂ ಔಷಧವೂ ಗ್ರಂಥಿಯನ್ನು ಕೆರಳಿಸಬಲ್ಲುದು. ಶಸ್ತ್ರಚಿಕಿತ್ಸೆಗೆ ಮುನ್ನ ಬೇರ್ಪಡಿಸಲೇಬೇಕಾದ ಇನ್ನೊಂದು ಸ್ಥಿತಿಯಿದೆ. ಕೆಲವು ಕುಟುಂಬಗಳಲ್ಲಿ ಮೇಲೆ ಹೇಳಿದ ಗ್ರಾಹಕವೇ ಹುಟ್ಟಿನಿಂದ ತುಸು ಮಂದವಾಗಿರುತ್ತದೆ. ಸುಣ್ಣ ಸ್ವಲ್ಪ ಏರಿದ ಮಟ್ಟವನ್ನೇ ಅದು ಸಮವೆಂದು ತಿಳಿಯುತ್ತದೆ. ಇಂಥವರಿಗೆ ಪ್ರಾಯಶಃ ಯಾವ ತೊಂದರೆಯೂ ಇಲ್ಲ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವೂ ಇಲ್ಲ. ಇಪ್ಪತ್ತನಾಲ್ಕು ಗಂಟೆಗಳ ಮೂತ್ರವನ್ನು ಸಂಗ್ರಹಿಸಿ, ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್‌ಗಳ ವಿಸರ್ಜನೆಯ ಪ್ರಮಾಣವನ್ನು ಹೋಲಿಸಿದಾಗ ೦.೦೧ಕ್ಕಿಂತ ಕಡಮೆ ಬಂದರೆ ಈ ಕುಲದೋಷವನ್ನು ಸಂದೇಹಿಸಬೇಕು, ೦.೦೨ಕ್ಕಿಂತ ಹೆಚ್ಚಿದ್ದರೆ ಗಡ್ಡೆಯ ಸಂಭವವೇ ಹೆಚ್ಚು. ತಂದೆ ತಾಯಿ ಮಕ್ಕಳ ರಕ್ತವನ್ನೂ ನೋಡಿದರೆ ಸಾಕ್ಷ್ಯ ಬಲವಾಗುತ್ತದೆ. ವಂಶಾವಳಿಯನ್ನು ಬರೆಯುವ ಅಭ್ಯಾಸ ಇಲ್ಲಿ ವೈದ್ಯನಿಗೂ ಬೇಕಾಗುತ್ತದೆ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಬಿಸಿಲು ಧಾರಾಳವಾಗಿದ್ದರೂ ಡಿ ಜೀವಸತ್ತ್ವದ ಕೊರತೆ ನಮ್ಮಲ್ಲಿ ವ್ಯಾಪಕ. ಆ ಕೊರತೆಯೊಂದರಿಂದಲೇ ಹಾರ್ಮೋನಿನ ಅಂಕಿ ಏರಬಹುದು. ಆಗ ಕ್ಯಾಲ್ಸಿಯಂ ಸಮವಾಗಿಯೋ ತಗ್ಗಾಗಿಯೋ ಇರುತ್ತದೆ, ಅದು ಗಡ್ಡೆಯ ರೋಗವಲ್ಲ. ಗಡ್ಡೆಯೂ ಕೊರತೆಯೂ ಒಬ್ಬರಲ್ಲೇ ಕೂಡಿದರೆ ಕ್ಯಾಲ್ಸಿಯಮ್ಮಿನ ಏರಿಕೆ ಮುಚ್ಚಿಹೋಗುತ್ತದೆ, ಮೂಳೆಗಳ ನಾಶ ಮಾತ್ರ ಮುಂದುವರಿಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಈ ರೋಗ ಬಹುಪಾಲು ಯಾವ ಲಕ್ಷಣವೂ ಇಲ್ಲದೆ ಸಾಧಾರಣ ರಕ್ತಪರೀಕ್ಷೆಯಲ್ಲೇ ಪತ್ತೆಯಾಗುತ್ತದೆ. ನಮ್ಮಲ್ಲಿ ಎಳೆಯ ವಯಸ್ಸಿನವರು ಮುರಿದ ಮೂಳೆಗಳೊಂದಿಗೆ, ಕಲ್ಲುಗಳೊಂದಿಗೆ ಆಸ್ಪತ್ರೆಗೆ ಬರುತ್ತಾರೆ. ಕೇಳಿದವರಿಲ್ಲದೆ ಕಳೆದ ವರ್ಷಗಳ ಫಲ ಅದು.

ಹಾರ್ಮೋನು ತಗ್ಗಿದ್ದರೆ ವಿಚಾರಣೆ ಬೇರೆ ದಿಕ್ಕಿಗೆ ಹೊರಳಬೇಕು. ಆಸ್ಪತ್ರೆಯಲ್ಲಿ ಮಲಗಿದ ರೋಗಿಗಳಲ್ಲಿ ಇದಕ್ಕೆ ಪ್ರಧಾನ ಕಾರಣ ಕ್ಯಾನ್ಸರು. ಕೆಲವು ಅರ್ಬುದಗಳು ಪ್ಯಾರಾಥೈರಾಯಿಡ್ ಹಾರ್ಮೋನನ್ನು ಹೋಲುವ, ಆದರೆ ಅದಲ್ಲದ, ಒಂದು ಪ್ರೋಟೀನನ್ನು ಸುರಿಸುತ್ತವೆ. ೧೯೮೭ರಲ್ಲಿ ಗುರುತಿಸಲಾದ ಈ ವೇಷಧಾರಿಯನ್ನು ಮೇಲಿನ ಪರೀಕ್ಷೆ ಎಣಿಸುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆಯುಂಟು. ಮಜ್ಜೆಯ ಕ್ಯಾನ್ಸರು, ಕ್ಷಯ, ಸಾರ್ಕಾಯಿಡ್ ರೋಗ, ಥೈರಾಯಿಡಿನ ಅತಿಕ್ರಿಯೆ ಇವೂ ಪಟ್ಟಿಯಲ್ಲಿವೆ. ಬೆನ್ನುನೋವು, ಕಾಲುನೋವೆಂದು ಆರು ಲಕ್ಷ ಮಾನದ ಡಿ ಜೀವಸತ್ತ್ವದ ಚುಚ್ಚುಮದ್ದನ್ನು ಮೇಲಿಂದ ಮೇಲೆ ಹಾಕಿಸಿಕೊಂಡವರೂ ಇದ್ದಾರೆ. ಅವರ ರಕ್ತದ ಡಿ ಜೀವಸತ್ತ್ವದ ಅಂಕಿಯೇ ಅದನ್ನು ಹೇಳುತ್ತದೆ.

ಈ ಮೂರು ಊರುಗಳ ವಾಚಕರಿಗೆ ವಿಶೇಷವಾಗಿ ಸಂಬಂಧಿಸಿದುದು ಇನ್ನು ಬರುತ್ತದೆ. ಶಿಕಾಗೋದ ಸಿಪ್ಪಿ ಎಂಬ ವೈದ್ಯನು ೧೯೧೫ರಲ್ಲಿ ಜಠರದ ಹುಣ್ಣಿಗೆ ಗಂಟೆಗೊಮ್ಮೆ ಹಾಲು ಮತ್ತು ಕ್ಷಾರಚೂರ್ಣವನ್ನು ಕೊಡುವ ಪಥ್ಯವನ್ನು ಬಳಕೆಗೆ ತಂದನು. ಆ ಪಥ್ಯದಲ್ಲಿದ್ದ ಕೆಲವರಿಗೆ ರಕ್ತದ ಸುಣ್ಣ ಏರಿ, ರಕ್ತ ಕ್ಷಾರವಾಗಿ, ಮೂತ್ರಪಿಂಡ ಕೆಟ್ಟಿತು. ಹಾಲು-ಕ್ಷಾರ ರೋಗವೆಂದು ಅದಕ್ಕೆ ಹೆಸರಾಯಿತು. ಹುಣ್ಣಿಗೆ ಬೇರೆ ಔಷಧಗಳು ಬಂದ ಮೇಲೆ ಅದು ಮರೆಯಾಯಿತು. ಮೂಳೆ ಸವೆತಕ್ಕೆಂದು ಕ್ಯಾಲ್ಸಿಯಂ ಗುಳಿಗೆಗಳು ಮನೆಮನೆಗೆ ಬಂದಾಗ ಮತ್ತೆ ಕಾಣಿಸಿಕೊಂಡಿತು. ಅಡಕೆ ಜಗಿಯುವ ಇನ್ನೊಂದು ನಾಡಾದ ತೈವಾನಿನ ವೈದ್ಯರು, ಹಾಲೂ ಇಲ್ಲದೆ ಗುಳಿಗೆಯೂ ಇಲ್ಲದೆ ಇದೇ ರೋಗವನ್ನು ತಾಂಬೂಲ ಜಗಿಯುವವರಲ್ಲಿ ಕಂಡು ವರದಿಮಾಡಿದರು. ಎಲೆಗೆ ಸವರುವ ಸುಣ್ಣವೇ ಅಲ್ಲಿ ಕ್ಯಾಲ್ಸಿಯಮ್ಮೂ ಹೌದು, ಕ್ಷಾರವೂ ಹೌದು.

ತುಳುನಾಡಿನಲ್ಲಿ ಬಚ್ಚಿರೆ ಬಜ್ಜೆಯಿಗಳ ಸ್ಥಾನವನ್ನು ನಾವು ವರ್ಣಿಸಬೇಕಾಗಿಲ್ಲ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ ೧೯೫೬ರಲ್ಲಿಯೇ ಅಡಕೆಯ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಬೆಳ್ತಂಗಡಿಯ ಕಣಿವೆಗಳಲ್ಲಿ ತೋಟವಿಲ್ಲದ ಮನೆ ಕಡಮೆ. ಅತಿಥಿಗೆ ಬೆಲ್ಲ ನೀರಿನ ಹಿಂದೆಯೇ ವೀಳ್ಯದ ಹರಿವಾಣ ಬರುವುದು ಸಂಪ್ರದಾಯ. 'ಏನು ಔಷಧ ತೆಗೆದುಕೊಳ್ಳುತ್ತೀರಿ?' ಎಂದು ವೈದ್ಯನು ಕೇಳಿದರೆ ಹಳ್ಳಿಯ ಅಜ್ಜ 'ಏನೂ ಇಲ್ಲ' ಎನ್ನುತ್ತಾನೆ. ಅವನು ಸುಳ್ಳು ಹೇಳಿದವನಲ್ಲ. ಸುಣ್ಣವನ್ನು ಅವನು ಔಷಧವೆಂದು ಎಂದೂ ಎಣಿಸಿದವನಲ್ಲ, ಆಹಾರವೆಂದೂ ಎಣಿಸಿದವನಲ್ಲ. ಪ್ರಶ್ನೆಯನ್ನು ಹೆಸರು ಹಿಡಿದು ಕೇಳಬೇಕು: ದಿನಕ್ಕೆಷ್ಟು ವೀಳ್ಯ, ಸುಣ್ಣವೆಷ್ಟು, ರಸವನ್ನು ನುಂಗುವುದೋ ಉಗುಳುವುದೋ, ಹೊಟ್ಟೆಯುರಿಗೆ ಪುಡಿ ಗುಳಿಗೆ ಏನಾದರೂ ಉಂಟೋ. ಮಿತವಾಗಿ ಜಗಿಯುವ ಬಹುಜನರಿಗೆ ಈ ರೋಗ ಬರುವುದಿಲ್ಲ. ದಿನವಿಡೀ ಜಗಿಯುವವರಿಗೂ, ಮೂತ್ರಪಿಂಡ ದುರ್ಬಲವಾದವರಿಗೂ, ಇದರ ಜೊತೆಗೆ ಕ್ಯಾಲ್ಸಿಯಂ ಗುಳಿಗೆಯನ್ನೋ ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ಔಷಧವನ್ನೋ ತೆಗೆದುಕೊಳ್ಳುವವರಿಗೂ ಅಪಾಯ ಹೆಚ್ಚು.

ಇದಕ್ಕೆ ಅಗ್ಗದ ಒಂದು ಸಾಕ್ಷ್ಯವಿದೆ. ಸುಣ್ಣದ ಕ್ಷಾರದಿಂದ ರೋಗ ಬಂದಿದ್ದರೆ ರಕ್ತದ ಬೈಕಾರ್ಬೊನೇಟು ಏರಿರುತ್ತದೆ. ಗ್ರಂಥಿಯ ಗಡ್ಡೆಯಿದ್ದರೆ ಅದು ಏರದೆ, ಕ್ಲೋರೈಡು ತುಸು ಏರಿ ಫಾಸ್ಫೇಟು ಇಳಿದಿರುವುದೇ ಹೆಚ್ಚು. ಸುಣ್ಣವನ್ನು ನಿಲ್ಲಿಸಿ ಲವಣದ್ರಾವಣವನ್ನು ಕೊಟ್ಟರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಕ್ಯಾಲ್ಸಿಯಂ ಸಮಸ್ಥಿತಿಗೆ ಬರುತ್ತದೆ.

ಹಾಗೆಂದು ವೀಳ್ಯದ ಹರಿವಾಣವನ್ನು ಕಂಡೊಡನೆ ಕಾರಣ ಸಿಕ್ಕಿತೆಂದು ವಿಚಾರಣೆಯನ್ನು ಮುಗಿಸುವುದು ಸಲ್ಲದು. ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಅಪಾಯದ ಸ್ಥಳ ಇದು. ಅಡಕೆಯು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲಿ ತೀರ್ಮಾನಿಸಿತು, ಹೊಗೆಸೊಪ್ಪು ಸೇರದಿದ್ದರೂ ಸಹ. ಬಾಯಿ ಗಂಟಲುಗಳಲ್ಲಿ ಹುಟ್ಟುವ ಆ ಬಗೆಯ ಅರ್ಬುದಗಳೇ ಮೇಲೆ ಹೇಳಿದ ವೇಷಧಾರಿ ಪ್ರೋಟೀನನ್ನು ಸುರಿಸಬಲ್ಲವು. ಎಂದರೆ, ವೀಳ್ಯ ಜಗಿಯುವ ಒಬ್ಬನೇ ಮನುಷ್ಯನಲ್ಲಿ ರಕ್ತದ ಸುಣ್ಣ ಏರಲು ಎರಡು ದಾರಿಗಳಿವೆ: ಒಂದು ಸುಣ್ಣದ ಡಬ್ಬಿಯಿಂದ, ಇನ್ನೊಂದು ಅಡಕೆಯಿಂದ ಹುಟ್ಟಿದ ಹುಣ್ಣಿನಿಂದ. ಎರಡರಲ್ಲಿಯೂ ಪ್ಯಾರಾಥೈರಾಯಿಡ್ ಹಾರ್ಮೋನು ತಗ್ಗಿರುತ್ತದೆ. ಪರೀಕ್ಷೆಯು ಗ್ರಂಥಿ ನಿರಪರಾಧಿಯೆಂದು ಹೇಳಿ ಸುಮ್ಮನಾಗುತ್ತದೆ, ಅಪರಾಧಿಯನ್ನು ಹೆಸರಿಸುವುದಿಲ್ಲ. ಬಾಯನ್ನು ತೆರೆಸಿ ನೋಡುವುದು, ಬೈಕಾರ್ಬೊನೇಟನ್ನು ಅಳೆಯುವುದು, ಸುಣ್ಣ ಬಿಟ್ಟ ಮೇಲೂ ಅಂಕಿ ಇಳಿಯದಿದ್ದರೆ ಮುಂದಿನ ಶೋಧಕ್ಕೆ ಕಳುಹಿಸುವುದು ಇವೆಲ್ಲ ಆಮೇಲೂ ಉಳಿದೇ ಇರುತ್ತವೆ.

ರಕ್ತವನ್ನು ಒಯ್ಯುವ ವಿಚಾರವನ್ನೂ ಹೇಳಬೇಕು. ಸಣ್ಣ ಊರಿನಲ್ಲಿ ತೆಗೆದ ರಕ್ತವನ್ನು ಹಾರ್ಮೋನು ಪರೀಕ್ಷೆಗಾಗಿ ಹಲವೊಮ್ಮೆ ದೊಡ್ಡ ಪ್ರಯೋಗಶಾಲೆಗೆ ಕಳುಹಿಸಬೇಕಾಗುತ್ತದೆ. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು ಅರವತ್ತು ಕಿಲೋಮೀಟರು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಸಾದಾ ಕೊಳವೆಯ ರಕ್ತರಸದಲ್ಲಿ ಹಾರ್ಮೋನು ಬೇಗ ನಶಿಸಿ, ಅಂಕಿ ಸುಳ್ಳೇ ತಗ್ಗುತ್ತದೆ. ಈಡಿಟಿಎ ಎಂಬ ದ್ರವ್ಯವಿರುವ ಕೊಳವೆಯಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತದೆ. ಆದರೆ ಅದೇ ದ್ರವ್ಯವು ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದರಿಂದ ಕ್ಯಾಲ್ಸಿಯಂ ಪರೀಕ್ಷೆಗೆ ಆ ಕೊಳವೆ ಸಲ್ಲದು. ಎರಡು ಕೊಳವೆ ಬೇಕು, ಎರಡೂ ತಂಪಿನಲ್ಲಿ ಹೋಗಬೇಕು. ಕೂದಲು ಉದುರದಿರಲೆಂದು ಬಯೋಟಿನ್ ಗುಳಿಗೆ ನುಂಗುವವರಲ್ಲಿಯೂ ಕೆಲವು ಯಂತ್ರಗಳು ಹಾರ್ಮೋನನ್ನು ಸುಳ್ಳೇ ತಗ್ಗಿಸಿ ತೋರಿಸುತ್ತವೆ. ಗಡ್ಡೆಯಿರುವವನನ್ನು ಗಡ್ಡೆಯಿಲ್ಲದವನೆಂದು ಸಾರುವ ತಪ್ಪು ಇವುಗಳಿಂದ ಹುಟ್ಟುತ್ತದೆ.

ಕುತ್ತಿಗೆಯ ಸ್ಕ್ಯಾನುಗಳು ಕಾರಣ ನಿರ್ಣಯವಾದ ಮೇಲಿನವು. ಗಡ್ಡೆ ಎಲ್ಲಿದೆಯೆಂದು ಅವು ತೋರಿಸುತ್ತವೆಯೇ ಹೊರತು ರೋಗವಿದೆಯೇ ಎಂಬುದನ್ನಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವೆಂದು ರಕ್ತದ ಸಾಕ್ಷ್ಯವನ್ನು ತಳ್ಳಿಹಾಕಬಾರದು. ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕಪ್ತಾನನಿಗೆ ೧೯೨೬ರಲ್ಲಿ ರೋಗನಿರ್ಣಯವಾಯಿತು. ಆರು ಸಲ ಶಸ್ತ್ರಚಿಕಿತ್ಸೆ ಮಾಡಿಯೂ ಗಡ್ಡೆ ಸಿಕ್ಕಲಿಲ್ಲ. ೧೯೩೨ರಲ್ಲಿ ಏಳನೆಯ ಸಲ, ಕುತ್ತಿಗೆಯಲ್ಲಲ್ಲ, ಎದೆಯೊಳಗೆ ಅದು ದೊರೆಯಿತು. ಕೆಲವೇ ವಾರಗಳಲ್ಲಿ ಕಪ್ತಾನನು ತೀರಿಕೊಂಡನು. ಇಂದು ಸ್ಕ್ಯಾನು ದಾರಿತೋರುತ್ತದೆ. ಹಾರ್ಮೋನು ರಕ್ತದಲ್ಲಿ ನಾಲ್ಕಾರು ನಿಮಿಷವೂ ನಿಲ್ಲದೆಂಬ, ಹಿಂದೆ ಪರೀಕ್ಷಕರನ್ನು ಕಾಡಿದ ಗುಣವೇ ಶಸ್ತ್ರವೈದ್ಯನಿಗೆ ನೆರವಾಗುತ್ತದೆ. ಗಡ್ಡೆಯನ್ನು ತೆಗೆದು ಹತ್ತು ನಿಮಿಷ ಕಳೆದ ಮೇಲೆ ಶಸ್ತ್ರಾಗಾರದಲ್ಲಿಯೇ ರಕ್ತವನ್ನು ಮತ್ತೆ ಪರೀಕ್ಷಿಸುತ್ತಾರೆ. ಅಂಕಿ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಕುತ್ತಿಗೆಯನ್ನು ಹೊಲಿಯುತ್ತಾರೆ, ಇಳಿಯದಿದ್ದರೆ ಉಳಿದ ಗ್ರಂಥಿಗಳನ್ನು ಹುಡುಕುತ್ತಾರೆ.